ಏಳನೆಯ ಚೌಕ

ಕುರ್ಚಿಯ ಹಾಗೆ ಕೂರಬೇಕು ಎಂಬುದು ನಿಯಮ. ನಗಬಾರದು, ಯಾರಾದರೂ ನಕ್ಕರೆ ಮುಖ ಗಂಟಿಕ್ಕಲೂಬಾರದು, ಕೆಮ್ಮು ಬಂದರೆ ಕರವಸ್ತ್ರದೊಳಗೇ ಕೆಮ್ಮಿ ಮುಗಿಸಬೇಕು; ಹತ್ತು ನಿಮಿಷ ಕಳೆಯುವುದರೊಳಗೆ ಹಜಾರದಲ್ಲಿರುವವರು ಇಂಥವಳೊಬ್ಬಳು ಮೂಲೆಯಲ್ಲಿದ್ದಾಳೆ ಎನ್ನುವುದನ್ನೇ ಮರೆತುಬಿಡಬೇಕು. ಒಂಬತ್ತು ವರ್ಷಗಳಿಂದ ಅವಳು ಹೀಗೆ ತಪಾಸಣೆಗೆಂದು ವೃದ್ಧರ ಆರೈಕೆ ಮನೆಗಳ ಹಜಾರಗಳಲ್ಲಿ ಕುರ್ಚಿಯಾಗಿ ಕೂತಿದ್ದಾಳೆ. ತೊಡೆಯ ಮೇಲೊಂದು ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ, ಹಾಳೆಯ ಮೇಲೆ ಹನ್ನೆರಡು ಚೌಕಗಳ ಸಾಲು, ಐದು ನಿಮಿಷಕ್ಕೆ ಒಂದರಂತೆ. ಮೂವರನ್ನು ಆರಿಸಿಕೊಂಡು, ಆ ಐದು ನಿಮಿಷ ಅವರು ಖುಷಿಯಾಗಿದ್ದರೋ, ಸುಮ್ಮನಿದ್ದರೋ, ಸಂಕಟಪಟ್ಟರೋ, ನಿದ್ದೆಯಲ್ಲಿದ್ದರೋ ಎಂದು ಒಂದು ಅಕ್ಷರ ಬರೆಯಬೇಕು. ಆರೈಕೆಯವರು ಅವರನ್ನು ಮುಟ್ಟಿದ್ದರೆ ಅದು ಒಳ್ಳೆಯ ಕೈಯೋ ಕೆಟ್ಟ ಕೈಯೋ ಎಂದು ಪಕ್ಕದಲ್ಲಿ ಒಂದು ಗುರುತು ಹಾಕಬೇಕು. ಔಷಧಿಯ ಬೀರು, ಅಡುಗೆಮನೆ, ಸ್ನಾನದ ಬಿಸಿನೀರು, ಇವನ್ನೆಲ್ಲ ಯಾರು ಬೇಕಾದರೂ ಅಳೆಯಬಹುದು. ಕೈಯನ್ನು ಅಳೆಯುವುದಕ್ಕೆ ಕಣ್ಣು ಬೇಕು ಎಂದು ಇಲಾಖೆಯಲ್ಲಿ ಅವಳಿಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಅವಳಿಗೆ ಅಂಥ ಕಣ್ಣಿದೆ ಎಂದೂ ಅವರೇ ಹೇಳಿದ್ದರು. ಆ ಮಾತನ್ನು ಅವಳು ಇಷ್ಟು ವರ್ಷ ಯಾರಿಗೂ ತೋರಿಸದೆ, ಪೆಟ್ಟಿಗೆಯ ತಳದ ಒಡವೆಯ ಹಾಗೆ ಜೋಪಾನ ಮಾಡಿಕೊಂಡು ಬಂದಿದ್ದಳು. ಇವತ್ತು ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪೆನ್ನು ಹಿಡಿದ ಬಲಗೈ ಬೆಳಗಿನಿಂದಲೂ ತನ್ನದಲ್ಲವೇನೋ ಎನ್ನಿಸುತ್ತಿತ್ತು.

ಹಜಾರದಲ್ಲಿ ಹದಿನಾಲ್ಕು ಜನರಿದ್ದರು. ಅವಳು ಆರಿಸಿಕೊಂಡಿದ್ದ ಮೂವರಲ್ಲಿ ಒಬ್ಬರು ಮೇಷ್ಟ್ರು. ಎದುರಿಗೆ ಯಾರೂ ಇಲ್ಲದಿದ್ದರೂ ಆಗಾಗ ಬೆರಳೆತ್ತಿ 'ಕೊನೇ ಬೆಂಚು' ಎಂದು ಗದರುತ್ತಿದ್ದರು. ಇನ್ನೊಬ್ಬರು ಗಡಿಯಾರದ ತಾತ. ಗೋಡೆಯ ಗಡಿಯಾರದ ಕೆಳಗೇ ಕೂತು, ಹೋಗಿಬರುವವರನ್ನೆಲ್ಲ ಗಂಟೆಯೆಷ್ಟು ಎಂದು ಕೇಳುವುದು ಅವರ ಕೆಲಸ. ಮೂರನೆಯವರು ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿದ್ದ ಸಣ್ಣ ಮೈಯ ಹೆಂಗಸು. ಹಸಿರು ಶಾಲು ಹೊದ್ದಿದ್ದರಿಂದ ಅವಳು ಅವರನ್ನು ಹಾಳೆಯಲ್ಲಿ ಹಸಿರು ಶಾಲು ಎಂದೇ ಗುರುತಿಸಿಕೊಂಡಳು. ಶಾಲಿನ ಅಂಚನ್ನು ಮಡಚುತ್ತಾ ಬಿಚ್ಚುತ್ತಾ, ಮತ್ತೆ ಮಡಚುತ್ತಾ ಇದ್ದರು. ಖುಷಿಯೋ ಸಂಕಟವೋ? ಎರಡನೆಯ ಚೌಕ. ಅವಳು 'ಸುಮ್ಮನೆ' ಎಂದು ಬರೆದಳು, ಬರೆದ ಮೇಲೆ ಅನುಮಾನವಾಯಿತು. ಅಮ್ಮನೂ ಈಚೆಗೆ ಹೊದಿಕೆಯ ಅಂಚನ್ನು ಹೀಗೇ ಮಡಚುತ್ತಾಳೆ. ಮೊದಮೊದಲು ಅದು ಹೊಲಿಗೆಯ ಅಭ್ಯಾಸಬಲ ಎಂದುಕೊಂಡಿದ್ದಳು. ಮೂವತ್ತು ವರ್ಷ ಬೇರೆಯವರ ಬಟ್ಟೆಗೆ ಅಂಚು ಮಡಚಿದ ಕೈಯಲ್ಲವೇ. ಆಮೇಲೆ ಒಂದು ದಿನ ಅಮ್ಮ ತಟ್ಟೆಯಲ್ಲಿದ್ದ ಬ್ರೆಡ್ಡಿನ ಅಂಚನ್ನೂ ಮಡಚಿದಳು.

ಬೆಳಿಗ್ಗೆ ಅವಸರವಿತ್ತು. ದಿನವೂ ಇರುತ್ತದೆ, ಅದೇನೂ ನೆಪವಲ್ಲ. ಏಳೂಮುಕ್ಕಾಲಕ್ಕೆ ಇಲಾಖೆಯ ಗಾಡಿ ಬೀದಿಯ ತಿರುವಿಗೆ ಬರುತ್ತದೆ, ಪಕ್ಕದ ಮನೆಯಾಕೆ ಏಳೂವರೆಗೆ ಬಂದು ಅಮ್ಮನ ಜೊತೆ ಕೂರುತ್ತಾಳೆ, ಅಷ್ಟರೊಳಗೆ ಅಮ್ಮನಿಗೆ ಬಟ್ಟೆ ಹಾಕಿ ಮುಗಿದಿರಬೇಕು. ಅಮ್ಮ ಸ್ವೆಟರಿನ ಎಡತೋಳಿಗೆ ಸರಾಗವಾಗಿ ಕೈ ಕೊಟ್ಟಳು. ಬಲತೋಳಿನ ಹೊತ್ತಿಗೆ ಕೈ ಬಿಗಿ ಮಾಡಿಕೊಂಡು ಎದೆಗೆ ಒತ್ತಿಕೊಂಡಳು. 'ಅಮ್ಮಾ, ಕೈ ಕೊಡು.' ಕೊಡಲಿಲ್ಲ. 'ಅಮ್ಮಾ, ನನಗೆ ಹೊತ್ತಾಗುತ್ತೆ, ಕೈ ಕೊಡು ಅಂದೆ.' ಆಮೇಲೆ ನಡೆದದ್ದನ್ನು ಅವಳು ಗಾಡಿಯಲ್ಲಿ ಬರುವಾಗ ಎಷ್ಟೋ ಸಲ ನೆನಪಿಗೆ ತಂದುಕೊಳ್ಳಲು ನೋಡಿದಳು. ಕೈ ಕೊಡು ಎಂದದ್ದು, ಸ್ವೆಟರು ಹಾಕಿ ಮುಗಿದದ್ದು, ಇವೆರಡೇ ನೆನಪಿದ್ದವು, ನಡುವಿನದ್ದು ಕತ್ತರಿಸಿ ತೆಗೆದ ಹಾಗಿತ್ತು. ತಾನು ಎಳೆದದ್ದು ನಿಜ. ಎಷ್ಟು ಜೋರಾಗಿ ಎನ್ನುವುದು ಗೊತ್ತಿಲ್ಲ. ಅಮ್ಮ ಕೂಗಲಿಲ್ಲ. ತಲೆಯೆತ್ತಿ, ತುಂಬ ಮರ್ಯಾದೆಯಿಂದ, ಹೋದ ವರ್ಷ ಆಸ್ಪತ್ರೆಯಲ್ಲಿದ್ದಾಗ ಮಾತಾಡುತ್ತಿದ್ದ ದನಿಯಲ್ಲಿ, 'ಆಯ್ತು ಸಿಸ್ಟರ್, ತಪ್ಪಾಯ್ತು' ಎಂದಳು. ಅಮ್ಮನಿಗೆ ನಿಜವಾಗಿಯೂ ಮಗಳ ಗುರುತು ಸಿಗಲಿಲ್ಲವೋ, ಅಥವಾ ಚುಚ್ಚಿದಳೋ? ಚುಚ್ಚುವುದರಲ್ಲಿ ಅಮ್ಮನ ಸೂಜಿಗಿಂತ ಅಮ್ಮನ ನಾಲಿಗೆಯೇ ಮೊನಚು ಎಂದು ಅಪ್ಪ ಇದ್ದಾಗ ನಗುತ್ತಿದ್ದ. ಬಾಗಿಲು ದಾಟುವಾಗ ತಿರುಗಿ ನೋಡಿದರೆ ಅಮ್ಮ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಅದು ಯಾರೋ ಬಿಟ್ಟುಹೋದ ಕೈಚೀಲವೇನೋ ಎಂಬಂತೆ ನೋಡುತ್ತಿದ್ದಳು.

'ಗಂಟೆ ಎಷ್ಟು?' ಗಡಿಯಾರದ ತಾತ ಕೇಳಿದರು. 'ಹತ್ತೂಕಾಲು ತಾತ. ನೀವು ಕೇಳಿ ಕೇಳಿ ಅದಕ್ಕೂ ಗಾಬರಿ ಆಗಿ ಐದು ನಿಮಿಷ ಮುಂದೆ ಓಡ್ತಿದೆ ನೋಡಿ' ಎಂದಳು ದೊಡ್ಡಕ್ಕ. ಅಗಲ ಭುಜದ, ಮೊಣಕೈವರೆಗೆ ತೋಳು ಮಡಚಿದ ಈ ಆರೈಕೆಯವಳನ್ನು ಇಲ್ಲಿ ಮ್ಯಾನೇಜರಿನಿಂದ ಹಿಡಿದು ತೊಂಬತ್ತು ದಾಟಿದವರವರೆಗೆ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವಳು ಭುಜ ತಟ್ಟಿದ್ದಕ್ಕೆ ತಾತ ಕಿಸಕ್ಕನೆ ನಕ್ಕರು. ಖುಷಿ. ಒಳ್ಳೆಯ ಕೈ. ನಾಲ್ಕನೆಯ ಚೌಕ, ಐದನೆಯದು, ಆರು. ಮೇಷ್ಟ್ರು ನಿದ್ದೆ. ಹಸಿರು ಶಾಲಿನವರ ಹತ್ತಿರ ಇಷ್ಟು ಹೊತ್ತಾದರೂ ಯಾರೂ ಬಂದಿರಲಿಲ್ಲ. ಪಕ್ಕದ ಮೇಜಿನ ಮೇಲೆ ಅವರ ಚಹಾ ಕೆನೆಗಟ್ಟುತ್ತಿತ್ತು. ದೊಡ್ಡಕ್ಕ ಟ್ರೇ ಹಿಡಿದುಕೊಂಡು ಅತ್ತ ಹೊರಟಿದ್ದನ್ನು ಅವಳು ನೋಡಿದಳು. ಅದೇ ಹೊತ್ತಿಗೆ ಅವಳ ಮಡಿಲಿನ ಕೈಚೀಲದೊಳಗೆ ಫೋನು ನಡುಗಿತು.

ಈ ಗಂಟೆಯಲ್ಲಿ ಫೋನು ಆಫ್ ಮಾಡಿಟ್ಟಿರಬೇಕು. ಅಮ್ಮನ ಸಲುವಾಗಿ ಅವಳು ಮಾಡಿರಲಿಲ್ಲ. ಪಕ್ಕದ ಮನೆಯಾಕೆ ಬರೆದಿದ್ದಳು: 'ಅಮ್ಮನ ಬಲಗೈ ನೀಲಿಗಟ್ಟಿದೆ. ಬೆರಳು ಒತ್ತಿದ ಹಾಗಿದೆ. ಏನಾಯ್ತು?' ಉತ್ತರ ಬರೆಯಲು ಯೋಚಿಸಬೇಕಾಗಲೇ ಇಲ್ಲ, ಹೆಬ್ಬೆರಳು ತನ್ನಷ್ಟಕ್ಕೇ ಓಡಿತು: 'ಗೊತ್ತಿಲ್ಲ. ಬಾಗಿಲು ತಗುಲಿರಬೇಕು.' ಕಳಿಸಿದ ಮೇಲೆ ಓದಿಕೊಂಡಳು. ಬಾಗಿಲು ತಗುಲಿರಬೇಕು! ಒಂಬತ್ತು ವರ್ಷಗಳಲ್ಲಿ ಅವಳು ಎಷ್ಟು ಆರೈಕೆ ಮನೆಗಳ ಗಾಯದ ಪುಸ್ತಕಗಳಲ್ಲಿ ಈ ಎರಡು ಪದಗಳ ಕೆಳಗೆ ಕೆಂಪು ಗೆರೆ ಎಳೆದಿಲ್ಲ. ಯಾವ ಬಾಗಿಲು, ಯಾವಾಗ, ಯಾರ ಎದುರಿಗೆ, ಬಾಗಿಲಿಗೆ ಬೆರಳುಗಳಿವೆಯೇ ಎಂದು ಅಂಚಿನಲ್ಲಿ ಬರೆದು, ಮ್ಯಾನೇಜರುಗಳ ಮುಖ ಸಪ್ಪಗಾಗುವುದನ್ನು ನೋಡಿ, ಒಳಗೊಳಗೇ ಚೂರು ಹಿಗ್ಗಿಯೂ ಇದ್ದಾಳೆ.

ಗಾಲಿ ಕಿರುಗುಟ್ಟಿದ ಸದ್ದು, ಅದರ ಹಿಂದೆಯೇ ಲೋಟ ಬಿದ್ದ ಸದ್ದು. ತಲೆಯೆತ್ತಿದಳು. ಹಸಿರು ಶಾಲಿನವರು ಕುರ್ಚಿಯಿಂದ ಅರ್ಧ ಎದ್ದಿದ್ದರು. ದೊಡ್ಡಕ್ಕನ ಕೈ ಅವರ ಮಣಿಗಂಟನ್ನು ಸುತ್ತಿ ಹಿಡಿದಿತ್ತು. ಚಹಾ ನೆಲದ ಮೇಲೆ ಹರಿಯುತ್ತಿತ್ತು. 'ಆಯ್ತು ಸಿಸ್ಟರ್' ಎಂದು ಹಸಿರು ಶಾಲಿನವರು ಕೂತರು. ಅಷ್ಟೇ. ಬೀಳುವವರನ್ನು ಹಿಡಿದದ್ದೋ, ಏಳುವವರನ್ನು ಎಳೆದು ಕೂರಿಸಿದ್ದೋ? ಹಿಡಿದ ಕೈ ಯಾವ ಕಡೆಯಿಂದ ಬಂತು, ಹಿಡಿಯುವ ಮೊದಲು ದೊಡ್ಡಕ್ಕ ಏನಾದರೂ ಹೇಳಿದಳೋ, ಮುಖ ಹೇಗಿತ್ತು, ಇವೆಲ್ಲ ಅವಳು ಫೋನು ನೋಡುತ್ತಿದ್ದ ಆ ಗಳಿಗೆಯಲ್ಲಿ ನಡೆದು ಮುಗಿದಿದ್ದವು. ಅವಳು ಕಣ್ಣು ಮುಚ್ಚಿ ಮತ್ತೆ ನೋಡಲು ಯತ್ನಿಸಿದಳು. ಮುಚ್ಚಿದ ಕಣ್ಣೊಳಗೆ ಮಣಿಗಂಟು ಹಿಡಿದ ಕೈ ಬಂತು. ಆದರೆ ಅದರ ಮೇಲಿದ್ದ ಗಡಿಯಾರದ ಪಟ್ಟಿ ತನ್ನದೇ. ಮಿಕ್ಕ ಐದು ಚೌಕಗಳನ್ನು ಹೇಗೆ ತುಂಬಿದಳೋ ಅವಳಿಗೇ ತಿಳಿಯದು. ಒಂದು ಮಾತ್ರ ನೆನಪಿತ್ತು. ಹತ್ತನೆಯ ಚೌಕದಲ್ಲಿ ದೊಡ್ಡಕ್ಕ ಗಡಿಯಾರದ ತಾತನಿಗೆ ಕೋಟು ತೊಡಿಸಿದಳು. ತೋಳಿನ ಹೊರಬಾಯಿಯಿಂದ ತನ್ನ ಕೈ ಒಳಗೆ ತೂರಿಸಿ, ಅವರ ಬೆರಳುಗಳನ್ನು ಅಲ್ಲಿಯೇ ಹಿಡಿದು, ಮೆಲ್ಲಗೆ ಹೊರಗೆ ಕರೆದುಕೊಂಡು ಬಂದಳು. ಆರನೆಯ ಚೌಕದವರೆಗೂ ಖಚಿತವಾಗಿದ್ದ ಲೋಕ ಆಮೇಲೆ ಹೀಗೆ ಅಡ್ಡಾದಿಡ್ಡಿಯಾಗಿತ್ತು.

ಗಂಟೆ ಮುಗಿದ ಮೇಲೆ ಹಸಿರು ಶಾಲಿನವರ ಪಕ್ಕದಲ್ಲಿ ಮಂಡಿಯೂರಿ, ನೋಡಬಹುದೇ ಎಂದು ಕೇಳಿ, ತೋಳನ್ನು ಮೇಲೆ ಸರಿಸಿದಳು. ಈಗಿನದ್ದಲ್ಲದ, ಮೂರು ನಾಲ್ಕು ದಿನ ಹಳೆಯ, ಅಂಚು ಹಳದಿಗೆ ತಿರುಗಿದ ನಾಲ್ಕು ಗುರುತುಗಳು. ಒಂದರ ಪಕ್ಕ ಒಂದು, ನಾಲ್ಕು ಬೆರಳು. ಅಡಿಯಲ್ಲಿ ಹೆಬ್ಬೆರಳಿನದು ಇರಲೇಬೇಕು ಎಂದು ಗೊತ್ತಿದ್ದೂ ಕೈ ತಿರುಗಿಸಲು ಅವಳಿಗೆ ಧೈರ್ಯ ಸಾಲಲಿಲ್ಲ. 'ನೋವಿದೆಯಾ?' ಎಂದಳು. ಅವರು ಅವಳ ಮುಖವನ್ನೇ ದಿಟ್ಟಿಸಿ, 'ನಿಮ್ಮ ಕೈ ತಣ್ಣಗಿದೆಯಮ್ಮ' ಎಂದರು.

'ಗಾಯದ ಪುಸ್ತಕ ನೋಡಿದ್ರಾ?' ಮಧ್ಯಾಹ್ನ ಸಂದರ್ಶಕರ ಕೋಣೆಯಲ್ಲಿ ಜೊತೆಗಾರ್ತಿ ಕೇಳಿದರು. ಹಿಂದೆ ನರ್ಸಾಗಿದ್ದ, ಈಗ ತಪಾಸಣೆಗೆ ಅವಳ ಜೊತೆ ಬರುವ ಹಿರಿಯ ಹೆಂಗಸು. 'ನಾನು ಇವರ ಮಾತ್ರೆ ಎಣಿಸ್ತಾ ಎಣಿಸ್ತಾ ನನ್ನ ಬಿ.ಪಿ. ಮಾತ್ರೆ ತಗೊಳ್ಳೋದೇ ಮರೆತೆ. ಮೊದಲು ನನ್ನ ಮೇಲೊಂದು ವರದಿ ಬರೀರಿ.' ನಗುತ್ತಲೇ ಪುಸ್ತಕವನ್ನು ಅವಳ ಕಡೆ ತಳ್ಳಿದರು. ಮೂರು ದಿನದ ಹಿಂದಿನ ತಾರೀಖು. ದಪ್ಪ, ಓರೆಯಾದ ಅಕ್ಷರ. 'ಬೆಳಿಗ್ಗೆ ಸ್ವೆಟರ್ ಹಾಕುವಾಗ ಕೈ ಕೊಡಲಿಲ್ಲ. ನಾನು ಅವಸರ ಮಾಡಿ ಎಳೆದೆ. ನನ್ನಿಂದ ಆಯ್ತು. ಅವರ ತಪ್ಪಿಲ್ಲ.' ಕೆಳಗೆ ದೊಡ್ಡಕ್ಕನ ಸಹಿ.

ಅವಳು ಎರಡು ಸಲ ಓದಿದಳು. ಮೂರನೆಯ ಸಲ ಓದುವಾಗ ಅವು ತಾನೇ ಬರೆದ ಸಾಲುಗಳೇನೋ ಎನ್ನಿಸಿ ಪುಸ್ತಕದಿಂದ ಕೈ ತೆಗೆದಳು.

'ಹೆಡ್ಡಿ' ಎಂದರು ಜೊತೆಗಾರ್ತಿ. 'ಬಾಗಿಲು ಅಂತ ಬರೆದಿದ್ರೆ ನಾವು ಒಂದು ಗೆರೆ ಎಳೆದು ಹೋಗ್ತಿದ್ವಿ. ಈಗ ನೋಡಿ. ಬೆರಳಿನ ಗುರುತು, ಕೆಲಸದವಳದೇ ಕೈ, ಅವಳದೇ ಬರಹ. ಹಿಂಸೆ ಅಂತ ಹಾಕಬೇಕಾಗುತ್ತೆ. ಹಾಕಿದ್ರೆ ಅವಳ ಹೆಸರು ಪಟ್ಟಿಗೆ ಹೋಯ್ತು, ಇನ್ನು ಯಾವ ಆರೈಕೆ ಮನೇಲೂ ಅವಳನ್ನ ಸೇರಿಸ್ಕೊಳ್ಳಲ್ಲ.'

'ಅವಸರ ಅಂತ ಹಾಕೋಕೂ ಬರುತ್ತಲ್ಲ.'

'ಬರುತ್ತೆ. ಅದೇ ಅಜ್ಜಿಯನ್ನ ಅದೇ ಕೆಲಸದವಳು ಒಳ್ಳೆ ಕೈಯಲ್ಲಿ ಮುಟ್ಟಿದ್ದು ನೀವು ಕಣ್ಣಾರೆ ಕಂಡಿದ್ರೆ. ಕಂಡ್ರಾ? ನಿಮ್ಮ ಹಾಳೆ ಏನು ಹೇಳುತ್ತೆ?'

ಜೊತೆಗಾರ್ತಿ ಕತ್ತು ಚಾಚಿ ಹಾಳೆ ನೋಡಿದರು. ಹಸಿರು ಶಾಲಿನ ಸಾಲಿನಲ್ಲಿ ಏಳನೆಯ ಚೌಕ ಖಾಲಿಯಿತ್ತು. ಇಡೀ ಗಂಟೆಯಲ್ಲಿ ಆ ಇಬ್ಬರ ಕೈ ಕೂಡಿದ್ದು ಅದೊಂದು ಚೌಕದಲ್ಲಿ ಮಾತ್ರ.

'ಇದೇನಿದು?'

'ಬರೀತೀನಿ. ಯೋಚನೆ ಮಾಡ್ತಿದೀನಿ.'

'ಖಾಲಿ ಬಿಟ್ರೆ ಹಾಳೆನೇ ರದ್ದು. ಇನ್ನೊಬ್ಬರು ಬಂದು ಮತ್ತೆ ಮೊದಲಿಂದ ಕೂರಬೇಕು. ಯಾಕೆ ಖಾಲಿ ಅಂತ ನೀವು ಮೇಲಿನವರಿಗೆ ಕಾರಣ ಬರೆದು ಕೊಡಬೇಕು. ಒಂಬತ್ತು ವರ್ಷದಲ್ಲಿ ನೀವು ಒಂದಾದ್ರೂ ಚೌಕ ಖಾಲಿ ಬಿಟ್ಟಿದೀರಾ? ಏನೋ ಒಂದು ಹಾಕಿ, ನಾಳೆ ಬೆಳಿಗ್ಗೆ ಕೊಟ್ಟುಬಿಡಿ.' ಆಮೇಲೆ ದನಿ ಇಳಿಸಿ, 'ನೀವು ಏನು ಹಾಕಿದ್ರೂ ನಂಬ್ತಾರೆ. ನಿಮ್ಮ ಕಣ್ಣಿಗೆ ಅಷ್ಟು ಹೆಸರಿದೆ' ಎಂದರು.

ಅದೇ ಅವಳ ತಲೆ ಕೆಡಿಸಿದ್ದು. ಒಳ್ಳೆಯ ಕೈ ಎಂದು ಹಾಕಿದರೆ ದೊಡ್ಡಕ್ಕ ಉಳಿಯುತ್ತಾಳೆ. ಆದರೆ ಉಳಿಸಿದ್ದು ದೊಡ್ಡಕ್ಕನನ್ನೋ ತನ್ನನ್ನೋ? ಕೆಟ್ಟ ಕೈ ಎಂದು ಹಾಕಿದರೆ ಕಟ್ಟುನಿಟ್ಟಿನವಳು ಎಂಬ ಹೆಸರು ಹಾಗೇ ಇರುತ್ತದೆ, ಬೆಳಗಿನ ಕೈಗೆ ಶಿಕ್ಷೆಯೂ ಆದ ಹಾಗಾಗುತ್ತದೆ, ಇನ್ನೊಬ್ಬಳ ಮೇಲೆ. ಎರಡೂ ಸುಳ್ಳು, ಎರಡೂ ನಿಜವಿರಬಹುದು. ಮೊದಲೆಲ್ಲ ಅವಳಿಗೆ ಒಂದು ಗುರುತು ಕಂಡರೆ ಸಾಕು, ಕೈ ಕಾಣುತ್ತಿತ್ತು, ಕೈ ಕಂಡರೆ ಆ ಕೈಯವಳು ಕಾಣುತ್ತಿದ್ದಳು. ಇಂಥವಳು, ಎಂದು ಮುಗಿಸುತ್ತಿದ್ದಳು. ಹಾಗೆ ಮುಗಿಸಿದವರಲ್ಲಿ ಎಷ್ಟು ಜನ ತನ್ನ ಹಾಗೇ ಬೆಳಗಿನ ಏಳೂವರೆಯ ಅವಸರದಲ್ಲಿ ನಿಂತಿದ್ದವರೋ. ಒಬ್ಬಳ ಮುಖ ನೆನಪಾಯಿತು, ಬಹಳ ಹಿಂದಿನದು, ಕೆಂಪು ಕಾಲರಿನವಳು. ಅವಳು ಏನೋ ಹೇಳಲು ಬಾಯಿ ತೆರೆದಿದ್ದಳು, ಆಗ ಇವಳು ಪೆನ್ನಿನ ಮುಚ್ಚಳ ಹಾಕಿದ್ದಳು. ಅಥವಾ ಅದು ಬೇರೆ ಯಾರೋ, ಬೇರೆ ಎಲ್ಲೋ.

ದೊಡ್ಡಕ್ಕ ಬಟ್ಟೆಯ ಕೋಣೆಯಲ್ಲಿ ಹಾಸಿಗೆಯ ಬಟ್ಟೆ ಮಡಚುತ್ತಿದ್ದಳು. ಕೆಲಸದವರನ್ನು ಕೆಲಸದ ಜಾಗದಲ್ಲೇ ಮಾತಾಡಿಸಬೇಕು ಎಂಬುದೂ ನಿಯಮ. ಸುಮ್ಮನೆ ನಿಲ್ಲಲಾರದೆ ಅವಳು ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಹತ್ತಿರ ಬಂದರು, ತುದಿಗೆ ತುದಿ ಸೇರಿಸಿದರು, ದೂರ ಸರಿದರು.

'ಪುಸ್ತಕದಲ್ಲಿ ನೀವೇ ಬರೆದಿದ್ದಾ?'

'ಇನ್ಯಾರು ಬರೀತಾರೆ ಮೇಡಂ, ಎಳೆದಿದ್ದು ನಾನು.'

'ಬರೆದ್ರೆ ಏನಾಗುತ್ತೆ ಅಂತ ಗೊತ್ತಿತ್ತಾ?'

'ಮ್ಯಾನೇಜರ್ ಸಾರ್ ತಲೆ ಮೇಲೆ ಕೈ ಹೊತ್ಕೊಂಡು ಕೂತ್ಬಿಟ್ರು. ಹಾಳೆ ಹರಿದು ಬೇರೆ ಬರಿ ಅಂದ್ರು. ಅಜ್ಜಿಗೆ ನೆನಪು ನಿಲ್ಲಲ್ಲ ಮೇಡಂ. ಅವ್ರು ಮರೀತಾರೆ, ನಾನು ಬರೀದೇ ಇದ್ರೆ, ಆಗಿದ್ದು ಎಲ್ಲಿ ಉಳೀತು?' ಬಟ್ಟೆಯನ್ನು ಎದೆಗೆ ಒತ್ತಿ ಮಡಿಕೆ ತೀಡಿದಳು. 'ಏನೋ ಒಳ್ಳೆಯವಳು ಅಂತ ತೋರಿಸ್ಕೊಳ್ಳೋಕೆ ಬರೀಲಿಲ್ಲ ಬಿಡಿ. ಆವತ್ತು ಊಟ ಸೇರ್ಲಿಲ್ಲ, ಅದಕ್ಕೆ ಬರೆದೆ. ಬರೆದ ಮೇಲೆ ಎರಡು ತಟ್ಟೆ ಹೊಡೆದೆ.'

ಅವಳಿಗೆ ನಗು ಬಂತು, ಕುರ್ಚಿಗಳು ನಗಬಾರದು ಎನ್ನುವುದು ನೆನಪಾಗುವ ಮೊದಲೇ.

'ಇವತ್ತು ಚಹಾ ಬಿದ್ದಾಗ...' ಎಂದಳು.

'ನೀವು ನೋಡ್ತಿದ್ರಲ್ಲ.'

ದೊಡ್ಡಕ್ಕ ಇನ್ನೊಂದು ಬಟ್ಟೆಯ ತುದಿಯನ್ನು ಅವಳ ಕೈಗಿತ್ತಳು. 'ನಿಮ್ಮನೇಲಿ ದೊಡ್ಡೋರು ಇದಾರಾ ಮೇಡಂ?'

'ಅಮ್ಮ ಇದಾರೆ.'

'ಯಾರು ನೋಡ್ಕೋತಾರೆ?'

ಬಟ್ಟೆ ಇಬ್ಬರ ನಡುವೆ ಬಿಗಿಯಾಗಿ ನಿಂತಿತ್ತು. 'ಒಬ್ರು ಸಿಸ್ಟರ್ ಇದಾರೆ' ಎಂದಳು ಅವಳು.

'ಒಳ್ಳೆಯವ್ರಾ?'

'ಅವಸರ ಜಾಸ್ತಿ.'

'ಮಾತಾಡಿ ನೋಡಿ ಅವ್ರ ಹತ್ರ' ಎಂದಳು ದೊಡ್ಡಕ್ಕ, ತುಸು ಕನಿಕರದಿಂದ. 'ಬೈಬೇಡಿ. ಬೈದ್ರೆ ಮುಚ್ಚಿಡೋದು ಕಲೀತಾರೆ.' ಬಾಗಿಲವರೆಗೆ ಬಂದು ನಿಂತಳು. 'ನನಗೆ ಈ ಕೆಲಸ ಬಿಟ್ರೆ ಬೇರೆ ಬರಲ್ಲ ಮೇಡಂ. ಆದ್ರೂ ನೀವು ಕಂಡಿದ್ದು ಬರೀರಿ.'

ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯಾಕೆ ಚಪ್ಪಲಿ ಮೆಟ್ಟಿ ಹೊರಟು ನಿಂತಿದ್ದಳು. 'ಬಾಗಿಲೇ ಅಂತೆ ಕಣ್ರೀ. ಅಮ್ಮನೂ ಅದೇ ಹೇಳಿದ್ರು. ನಾನು ಸುಮ್ನೆ ಏನೇನೋ ಅಂದ್ಕೊಂಡೆ' ಎಂದು ತನ್ನ ಅನುಮಾನಕ್ಕೆ ತಾನೇ ನಾಚಿಕೊಂಡವಳಂತೆ ನಕ್ಕು ಹೋದಳು. ಅಮ್ಮನೂ ಅದೇ ಹೇಳಿದಳೇ? ಅವಳು ಚೀಲವನ್ನು ಊಟದ ಮೇಜಿನ ಮೇಲಿಟ್ಟು ಒಳಗೆ ಹೋದಳು. ಅಮ್ಮ ಕಿಟಕಿಯ ಬೆಳಕಿನಲ್ಲಿ ಕೂತು ಹೊದಿಕೆಯ ಅಂಚು ಮಡಚುತ್ತಿದ್ದಳು. ಬಲಗೈ ಹೊದಿಕೆಯ ಅಡಿಯಲ್ಲಿತ್ತು. ಎಡಗೈಯೊಂದೇ ಕೆಲಸ ಮಾಡುತ್ತಿತ್ತು. ಅವಳು ನೆಲದ ಮೇಲೆ ಮಂಡಿಯೂರಿದಳು, ಬೆಳಿಗ್ಗೆ ಇನ್ನೊಬ್ಬರ ಮುಂದೆ ಊರಿದ ಹಾಗೆಯೇ, ಮತ್ತು ಅದೇ ದನಿಯಲ್ಲಿ, ಬೇರೆ ದನಿ ಬಾರದೆ, 'ನೋಡಬಹುದಾ?' ಎಂದು ಕೇಳಿದಳು.

ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಬಾಗಿದಳು. 'ಏನೂ ಆಗಿಲ್ಲ ಸಿಸ್ಟರ್. ಬಾಗಿಲು ತಗುಲ್ತು ಅಂತ ಹೇಳಿದೀನಿ. ನೀವೂ ಹಾಗೇ ಹೇಳಿ.' ಆಮೇಲೆ ಇನ್ನೂ ಮೆಲ್ಲಗೆ, 'ನನ್ನ ಮಗಳಿಗೆ ಮಾತ್ರ ಗೊತ್ತಾಗಬಾರದು. ಅವಳು ಇಂಥದ್ದನ್ನೇ ಹುಡುಕೋ ಕೆಲಸದಲ್ಲಿದಾಳೆ. ಗೊತ್ತಾದ್ರೆ ನಿಮ್ಮನ್ನ ಬಿಡಲ್ಲ' ಎಂದಳು.

ಅವಳು ಅಮ್ಮನ ಕಣ್ಣೊಳಗೆ ನೋಡಿದಳು. ಅಲ್ಲಿ ಹಳೆಯ ಕುಚೋದ್ಯ ಇದ್ದ ಹಾಗೂ ಇತ್ತು, ಏನೂ ಇಲ್ಲದ ಹಾಗೂ ಇತ್ತು. ಕೈಯನ್ನು ಅಳೆಯುವ ಕಣ್ಣು ತನ್ನದು ಎಂದಿದ್ದರು; ಈ ಎರಡು ಕಣ್ಣುಗಳ ಮುಂದೆ ಅದು ಕುರುಡಾಗಿತ್ತು. 'ನಿಮ್ಮ ಮಗಳು ಅಷ್ಟು ಕೆಟ್ಟವಳಾ?' ಎಂದು ಕೇಳಿದಳು.

'ಛೆ, ಕೆಟ್ಟವಳಲ್ಲ' ಎಂದಳು ಅಮ್ಮ, ಯಾರೋ ಮನೆಯವರನ್ನು ಬೈದರೆಂಬಂತೆ ಬೆನ್ನು ನೆಟ್ಟಗೆ ಮಾಡಿ. 'ಅವಳಿಗೆ ಎಲ್ಲಾ ಕಾಣುತ್ತೆ. ಅಷ್ಟೇ.'

ಅವಳು ಎದ್ದು ಹೋಗಿ ಮೇಜಿನ ಮುಂದೆ ಕೂತಳು. ಹಾಳೆ ತೆಗೆದಳು. ಏಳನೆಯ ಚೌಕವನ್ನು ಹಾಗೇ ಬಿಟ್ಟು, ಅಡಿಯಲ್ಲಿ ಕಾರಣಕ್ಕೆಂದು ಇದ್ದ ಖಾಲಿ ಗೆರೆಗಳ ಮೇಲೆ, 'ನಾನು ನೋಡಲಿಲ್ಲ' ಎಂದು ಬರೆದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. 'ಆಗ ಫೋನು ನೋಡುತ್ತಿದ್ದೆ. ಬೆಳಿಗ್ಗೆ ಸ್ವೆಟರು ಹಾಕುವಾಗ ನಮ್ಮ ತಾಯಿಯ ಕೈಯನ್ನು ಅವಸರದಲ್ಲಿ ಎಳೆದಿದ್ದೆ. ಅದರ ಬಗ್ಗೆ ಬಂದ ಸಂದೇಶಕ್ಕೆ ಸುಳ್ಳು ಉತ್ತರ ಕೊಡುತ್ತಿದ್ದೆ. ಈ ಕೆಲಸದವರ ಕೈಯನ್ನು ನೋಡಲು ಬೇರೆಯವರನ್ನು ಕಳಿಸಬೇಕು. ಅಲ್ಲಿಯವರೆಗೆ ಹೆಸರನ್ನು ಪಟ್ಟಿಗೆ ಸೇರಿಸಬಾರದು.' ಸಹಿ ಮಾಡಿದಳು. ಇದರಿಂದ ದೊಡ್ಡಕ್ಕ ಉಳಿಯುತ್ತಾಳೋ, ಇನ್ನೊಂದು ಜೊತೆ ಕಣ್ಣು ಏನು ಕಾಣುತ್ತದೋ, ತನ್ನನ್ನು ಇನ್ನು ಯಾವ ಹಜಾರದಲ್ಲಿ ಯಾರು ಕೂರಿಸುತ್ತಾರೋ, ಒಂದೂ ಹೊಳೆಯಲಿಲ್ಲ. ಹಸಿವಾಗುತ್ತಿದೆ ಎನ್ನುವುದು ಮಾತ್ರ ಗೊತ್ತಾಯಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ.

'ಸಿಸ್ಟರ್, ಚಳಿ' ಎಂದು ಒಳಗಿನಿಂದ ಅಮ್ಮ ಕರೆದಳು.

ದಪ್ಪ ಸ್ವೆಟರು ತೆಗೆದುಕೊಂಡು ಹೋದಳು. ಎಡತೋಳು ಸರಾಗವಾಗಿ ಹೋಯಿತು. ಬಲಗೈಯನ್ನು ಅಮ್ಮ ಎದೆಗೆ ಒತ್ತಿಕೊಂಡಳು. ಅವಳು ಕೇಳಲಿಲ್ಲ. ತೋಳಿನ ಹೊರಬಾಯಿಯಿಂದ ತನ್ನ ಕೈಯನ್ನು ಒಳಗೆ ತೂರಿಸಿ, ಭುಜದ ಹತ್ತಿರ ಬೆರಳುಗಳನ್ನು ಹೊರಗೆ ಚಾಚಿ, ಹಾಗೇ ಇಟ್ಟುಕೊಂಡು ಕಾದಳು. ಗೋಡೆಯ ಗಡಿಯಾರ ಒಂದು ಚೌಕದಷ್ಟು ನಡೆಯಿತು. ಅಮ್ಮ ಆ ಬೆರಳುಗಳನ್ನೇ ನೋಡುತ್ತಿದ್ದಳು, ಅವು ಯಾರವು ಎಂದು ನೆನಪಿಸಿಕೊಳ್ಳುತ್ತಿರುವ ಹಾಗೆ. ಎರಡನೆಯ ಚೌಕದ ನಡುವಿನಲ್ಲಿ ಎಲ್ಲೋ, ತಣ್ಣನೆಯ, ಹೊಲಿಗೆಯಿಂದ ತುದಿ ಒರಟಾದ ಬೆರಳೊಂದು ಬಂದು ಅವಳ ಬೆರಳನ್ನು ಮುಟ್ಟಿ ನೋಡಿತು, ಹಿಂದೆ ಸರಿಯಿತು. ಅವಳು ಅಲುಗಾಡದೆ, ಕುರ್ಚಿಯ ಹಾಗೆ, ನಿಂತೇ ಇದ್ದಳು.